ಅಂಗೈಯಗಲದ ನಾಯಿಗೂ ಬಾಣಂತನವಿದೆ

ಶಾಲೆ ಬಿಟ್ಟ ಮೇಲೆ ನನ್ನನ್ನು ಹುಡುಕಿಕೊಂಡು ಮನೆಗೆ ಬರುವ ತಾಯಂದಿರ ಪ್ರಶ್ನೆಗಳು ಹೆಚ್ಚಾಗಿ ನನಗೆ ಪರಿಚಿತವೇ. ಮಗಳಿಗೆ ಲೆಕ್ಕ ತಲೆಗೆ ಹತ್ತುತ್ತಿಲ್ಲ, ಮಗ ಮೊಬೈಲ್ ಕೆಳಗಿಡುವುದಿಲ್ಲ, ಬಂಗಾರದ ಝಕಾತ್ ಹೇಗೆ ಲೆಕ್ಕ ಹಾಕಬೇಕು, ಹೀಗೆ. ಆದರೆ ಒಂದು ಸಂಜೆ ಇಟ್ಟಂಗಿಹಾಳದ ನಮ್ಮ ಓಣಿಯ ತಾಯಿಯೊಬ್ಬರು ಬಂದು ಕುಳಿತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೇಳಿದ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳಲು ನನ್ನಿಂದಾಗಲಿಲ್ಲ.

"ಆಪಾ, ಸಣ್ಣ ಜಾತಿ ನಾಯಿ ತಂದು ಮರಿ ಮಾಡಿ ಮಾರಿದ್ರ ಆ ರೊಕ್ಕ ಹಲಾಲ್ ಆಗ್ತದೇನ್ರಿ?"

ವಿಷಯ ಇಷ್ಟು. ಅವರ ಮಗ ಪದವಿಯನ್ನು ಅರ್ಧಕ್ಕೆ ಬಿಟ್ಟು ವಿಜಯಪುರದ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಯಾರೋ ಅವನ ಮೊಬೈಲಿಗೆ ಚಹಾದ ಕಪ್ಪಿನೊಳಗೆ ಕುಳಿತ ಬಿಳಿ ನಾಯಿಮರಿಯ ಚಿತ್ರ ಕಳುಹಿಸಿದ್ದರು. ಹೆಣ್ಣು-ಗಂಡು ಒಂದು ಜೋಡಿ ತಂದರೆ ಸಾಕು, ವರ್ಷಕ್ಕೆ ಎರಡು ಸೂಲು, ಸೂಲಿಗೆ ನಾಲ್ಕು ಮರಿ, ಮರಿಗೆ ಹದಿನೈದು ಸಾವಿರ ಎಂದು ಅವನು ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಬರೆದು ತಾಯಿಯ ಕೈಗೆ ಕೊಟ್ಟಿದ್ದ. ಜೋಡಿ ತರಲು ಬೇಕಾದ ಹಣ ತಾಯಿ ಸಂಘದಲ್ಲಿ ನಾಲ್ಕು ವರ್ಷದಿಂದ ವಾರವಾರ ಕಟ್ಟಿ ಉಳಿಸಿದ್ದು. ಸಗಣಿ-ಗಂಜಲ ಬಳಿಯುವುದು, ಮರಿಗೆ ಹಾಲುಣಿಸುವುದು, ರಾತ್ರಿ ಏಳುವುದು ಇವೆಲ್ಲ ಯಾರ ಕೆಲಸವೆಂದು ಲೆಕ್ಕದ ಚೀಟಿಯಲ್ಲಿ ಬರೆದಿರಲಿಲ್ಲ. ಮಗ ಬೆಳಿಗ್ಗೆ ಎಂಟಕ್ಕೆ ಬಸ್ ಹತ್ತಿದರೆ ರಾತ್ರಿಯೇ ಮನೆಗೆ ಬರುವುದು.

ಆ ತಾಯಿಗೆ ನಾನು ಹೇಳಿದ್ದನ್ನೂ, ಹೇಳುವ ಮೊದಲು ನನಗೆ ನೆನಪಾದದ್ದನ್ನೂ ನಿಮ್ಮ ಮುಂದಿಡುತ್ತೇನೆ. ಇದು ಒಂದೇ ಮನೆಯ ಪ್ರಶ್ನೆಯಲ್ಲ. ಇಂಥ ಚೀಟಿ ನಿಮ್ಮ ಮನೆಯಲ್ಲೂ ಯಾವುದಾದರೂ ಹುಡುಗನ ಜೇಬಿನಲ್ಲಿರಬಹುದು.

ಮೊದಲು ಹಲಾಲಿನ ಮಾತು ಮುಗಿಸಿಬಿಡೋಣ, ಏಕೆಂದರೆ ಅದು ನೀವಂದುಕೊಂಡಷ್ಟು ಉದ್ದವಿಲ್ಲ. ಬೇಟೆಗೆ, ಹಿಂಡು ಕಾಯಲು, ಹೊಲ ಕಾಯಲು ನಾಯಿ ಇಟ್ಟುಕೊಳ್ಳುವುದಕ್ಕೆ ಹದೀಸ್‌ಗಳಲ್ಲಿ ಸ್ಪಷ್ಟ ಅನುಮತಿ ಇದೆ. ಇಂಥ ಅಗತ್ಯವಿಲ್ಲದೆ ಸಾಕಿದರೆ ದಿನದಿನವೂ ಪುಣ್ಯ ಕಡಿಮೆಯಾಗುತ್ತದೆಂಬ ಎಚ್ಚರಿಕೆಯೂ ಇದೆ. ಮಾರಾಟದ ವಿಷಯದಲ್ಲಿ ನಮ್ಮ ಇಮಾಮರು ಒಂದೇ ಮಾತು ಹೇಳಿಲ್ಲ. ಉಪಯೋಗಕ್ಕೆ ಬರುವ ನಾಯಿಯ ಮಾರಾಟವನ್ನು ಹನಫೀ ಪಂಡಿತರು ಒಪ್ಪಿದ್ದಾರೆ. ಶಾಫಿಈ ಮದ್‌ಹಬ್‌ನಲ್ಲಿ ಒಪ್ಪಿಗೆ ಇಲ್ಲ, ಕರಾವಳಿಯ ಓದುಗರಿಗೆ ಇದು ಗೊತ್ತಿರುತ್ತದೆ. ಇನ್ನು, ಚಹಾದ ಕಪ್ಪಿನಲ್ಲಿ ಕೂರುವ ನಾಯಿ ಯಾವ ಹೊಲ ಕಾಯುತ್ತದೆ ಎಂದು ನೀವೇ ಹೇಳಿ. ನಿಮ್ಮ ಮನೆಗೆ ಅನ್ವಯವಾಗುವ ತೀರ್ಪನ್ನು ನಿಮ್ಮೂರಿನ ಆಲಿಮರಲ್ಲಿ ಕೇಳಿ ತಿಳಿದುಕೊಳ್ಳಿ. ನಾನು ಮುಫ್ತಿಯಲ್ಲ, ಮಕ್ಕಳಿಗೆ ಅಕ್ಷರ ಹೇಳಿಕೊಡುವ ಆಪಾ.

ಆದರೆ ಆ ತಾಯಿಯ ಪ್ರಶ್ನೆಯ ಕೆಳಗೆ ಇನ್ನೊಂದು ಪ್ರಶ್ನೆ ಇತ್ತು. ನಾವು ದುಡ್ಡಿಗಾಗಿ ಒಂದು ಮೂಕ ಜೀವವನ್ನು ಬಸುರಿ ಮಾಡಿಸಿದರೆ, ಆ ಬಸುರಿನ ಹೊಣೆ ಯಾರದು?

ನಮ್ಮ ಈ ಸೀಮೆಗೆ ನಾಯಿ ಹೊಸದೇನಲ್ಲ. ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ತೋಟಗಳಲ್ಲಿ ರಾತ್ರಿ ಕಾಯುವುದು ನಾಯಿಯೇ. ಕುರಿ ಹಿಂಡಿನ ಜೊತೆ ಊರಿಂದೂರಿಗೆ ನಡೆಯುವ ಕುರಿಗಾರರ ನಾಯಿಗಳನ್ನು ನೀವು ದಾರಿಯಲ್ಲಿ ನೋಡಿರುತ್ತೀರಿ. ಕೃಷ್ಣೆ ದಾಟಿ ಬಾಗಲಕೋಟೆ ಜಿಲ್ಲೆಗೆ ಹೋದರೆ ಮುಧೋಳ. ಅಲ್ಲಿನ ನಾಯಿ ಎತ್ತರದ ಕಾಲು, ಒಳಕ್ಕೆಳೆದ ಹೊಟ್ಟೆ, ಉದ್ದ ಮೂತಿಯದು, ಮೊಲದ ಬೆನ್ನು ಹತ್ತಿದರೆ ಬಿಡದು. ಮುಧೋಳ ಸಂಸ್ಥಾನದ ಅರಸ ಮಾಲೋಜಿರಾವ್ ಘೋರ್ಪಡೆಯವರು ಆ ತಳಿಯನ್ನು ಕಾಪಾಡಿ ಬೆಳೆಸಿದರು. 2005ರಲ್ಲಿ ಅದರ ಚಿತ್ರವಿರುವ ಅಂಚೆಚೀಟಿ ಬಂತು. ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಅದನ್ನು ಬೆಳೆಸಿದವರು ನೋಡಿದ್ದು ಓಟ, ಉಸಿರು, ಕಣ್ಣು. ಅಂಥ ದೇಹದಲ್ಲಿ ಮರಿ ಹೊರಬರಲು ದಾರಿಯೂ ಇರುತ್ತದೆ.

ಅಂಗೈ ನಾಯಿಯದು ಬೇರೆ ಕಥೆ. ಅಲ್ಲಿ ನೋಡುವುದು ಒಂದನ್ನೇ, ಇನ್ನೂ ಎಷ್ಟು ಸಣ್ಣದು ಮಾಡಬಹುದು ಎಂದು. ಚಿವಾವಾ ಎಂಬ ತಳಿಯ ಪೂರ್ತಿ ಬೆಳೆದ ನಾಯಿಯ ತೂಕವೇ ಒಂದೂವರೆಯಿಂದ ಮೂರು ಕಿಲೋ, ಅಂದರೆ ನಮ್ಮ ಮನೆಯ ಒಂದು ದೊಡ್ಡ ಹುಂಜದಷ್ಟು. ಅದಕ್ಕಿಂತಲೂ ಸಣ್ಣದು ಬೇಕೆಂದಾಗ ಒಂದು ಸೂಲಿನಲ್ಲಿ ಎಲ್ಲಕ್ಕಿಂತ ಬಡಕಲಾಗಿ ಹುಟ್ಟಿದ ಮರಿಯನ್ನು ಇನ್ನೊಂದು ಸೂಲಿನ ಬಡಕಲು ಮರಿಗೆ ಜೋಡಿ ಮಾಡುತ್ತಾರೆ. 'ಟೀಕಪ್' ಎಂಬುದು ತಳಿಯ ಹೆಸರಲ್ಲ, ಮಾರುವವರು ಇಟ್ಟ ಹೆಸರು. ಇನ್ನು ನಮ್ಮ ಊರುಗಳಲ್ಲಿ ಪೊಮೆರೇನಿಯನ್ ಎಂದು ಸಾಕುವ ಬಿಳಿ ನಾಯಿಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್ ಎಂಬ ಬೇರೆಯೇ ತಳಿ. 1994ರ 'ಹಮ್ ಆಪ್ಕೆ ಹೈಂ ಕೌನ್' ಸಿನಿಮಾ ನೋಡಿದವರಿಗೆ ಟಫಿ ನೆನಪಿರಬಹುದು, ಅದೂ ಸ್ಪಿಟ್ಜ್. ಅದು ಸ್ವಲ್ಪ ಗಟ್ಟಿಯಾದ ನಾಯಿ. ಅದರ ಮರಿಯನ್ನು ಐದು ವಾರಕ್ಕೇ ತಾಯಿಯಿಂದ ಕಿತ್ತು ಇದು ಬೆಳೆಯುವುದೇ ಇಲ್ಲ, ಇಷ್ಟೇ ಸಣ್ಣದಿರುತ್ತದೆ ಎಂದು ಮಾರುವವರೂ ಇದ್ದಾರೆ. ಆರು ತಿಂಗಳಾದ ಮೇಲೆ ಕೊಂಡವರ ಮುಖ ಸಣ್ಣದಾಗುತ್ತದೆ.

ಇಲ್ಲಿ ನಾನು ನನ್ನ ತಪ್ಪೊಂದನ್ನು ಹೇಳಬೇಕು.

ಕೆಲವು ವರ್ಷಗಳ ಹಿಂದೆ ನಗರದಲ್ಲಿರುವ ನನ್ನ ಖಾಲಾನ ಮಗಳ ಮನೆಗೆ ಹೋಗಿದ್ದೆ. ಅವಳ ಗಂಡ ಸ್ನೇಹಿತರೊಬ್ಬರಿಂದ ತಂದ ಪುಟ್ಟ ಹೆಣ್ಣು ನಾಯಿ ಅವರ ಮನೆಯ ಪಡಸಾಲೆಯಲ್ಲಿತ್ತು. ಇನ್ನೂ ವರ್ಷ ತುಂಬಿರಲಿಲ್ಲ. ಮೊದಲ ಬೆದೆಗೇ ಗಂಡಿಗೆ ಬಿಟ್ಟಿದ್ದರು, ಮರಿ ಮಾರಿ ಮಕ್ಕಳ ಫೀಸು ಕಟ್ಟುವ ಆಸೆ. ಇಶಾ ಆದ ಮೇಲೆ ಅದಕ್ಕೆ ನೋವು ಶುರುವಾಯಿತು. ಗೋಣಿಚೀಲ ಕೆರೆಯಿತು, ಏಳುತ್ತ ಕೂರುತ್ತ ತಿಣುಕಿತು. ಹತ್ತೂವರೆಗೆ ಹಸಿರು ಮಿಶ್ರಿತ ಕಪ್ಪು ನೀರು ಹೋಯಿತು, ಮರಿ ಬರಲಿಲ್ಲ. ತಂಗಿ ಗಾಬರಿಯಾಗಿ ನನ್ನ ಮುಖ ನೋಡಿದಳು. ಮೂರು ಹೆತ್ತವಳು ನಾನು. "ಚೊಚ್ಚಲ ಹೆರಿಗೀಗೆ ಹೊತ್ತು ಬೇಕಾಗ್ತದ, ಗಾಬರಿ ಆಗಬ್ಯಾಡ" ಎಂದೆ. ಬೆಚ್ಚಗಿನ ಹಾಲಿಗೆ ತುಪ್ಪ ಹಾಕಿ ಕುಡಿಸಿದೆವು. ಫಜ್ರ್ ಹೊತ್ತಿಗೆ ಅದಕ್ಕೆ ತಲೆ ಎತ್ತಲೂ ಆಗುತ್ತಿರಲಿಲ್ಲ. ಬೆಳಗಾದ ಮೇಲೆ ಡಾಕ್ಟರ ಬಳಿಗೆ ಒಯ್ದಾಗ ಒಳಗೆ ಒಂದೇ ಮರಿ ಇತ್ತು, ದೊಡ್ಡದು, ದಾರಿಯಲ್ಲೇ ಸಿಕ್ಕಿ ಸತ್ತಿತ್ತು. ತಾಯಿ ಮಧ್ಯಾಹ್ನದವರೆಗೆ ಉಳಿಯಲಿಲ್ಲ. ಹಿಂದಿನ ರಾತ್ರಿಯೇ ತಂದಿದ್ದರೆ ಎಂದು ಡಾಕ್ಟರು ಶುರು ಮಾಡಿದವರು ನಮ್ಮ ಮುಖ ನೋಡಿ ಮಾತು ನಿಲ್ಲಿಸಿದರು. ಖಾಲಾನ ಮಗಳು ಇವತ್ತಿನವರೆಗೆ ನನ್ನನ್ನು ಒಂದು ಮಾತೂ ಅಂದಿಲ್ಲ.

ಆಮೇಲೆ ಓದಿ, ಪಶುವೈದ್ಯರನ್ನು ಕೇಳಿ ತಿಳಿದದ್ದನ್ನು ಹೇಳುತ್ತೇನೆ. ನಮ್ಮ ಹೆರಿಗೆಯ ಅನುಭವವನ್ನು ನಾಯಿಗೆ ಹಚ್ಚಬಾರದು. ದೊಡ್ಡ ನಾಯಿಗೆ ಆರೆಂಟು ಮರಿಗಳಾಗುತ್ತವೆ, ಹೊಟ್ಟೆಯೊಳಗಿನ ಜಾಗ ಹಂಚಿಹೋಗಿ ಪ್ರತಿಯೊಂದೂ ತಾಯಿಯ ಮೈಗೆ ಹೋಲಿಸಿದರೆ ಸಣ್ಣದಿರುತ್ತದೆ. ಪುಟ್ಟ ನಾಯಿಗೆ ಒಂದೋ ಎರಡೋ, ಹೆಚ್ಚೆಂದರೆ ಮೂರು ನಾಲ್ಕು. ಒಂದೇ ಮರಿ ನಿಂತರೆ ಅದು ಒಳಗೇ ದಪ್ಪಗೆ ಬೆಳೆಯುತ್ತದೆ. ಮೇಲಾಗಿ ಈ ತಳಿಗಳಲ್ಲಿ ಮರಿಯ ತಲೆ ಗುಂಡಗೆ ದೊಡ್ಡದು, ತಾಯಿಯ ಸೊಂಟದ ಎಲುಬು ಕಿರಿದು. ಹೀಗೆ ಚಂದಕ್ಕಾಗಿ ತಲೆ ದೊಡ್ಡದು ಮಾಡಿದ ತಳಿಗಳ ಗತಿ ಏನಾಗಿದೆಯೆಂದು ಬ್ರಿಟನ್ನಿನಲ್ಲಿ ಲೆಕ್ಕ ಹಾಕಿದ್ದಾರೆ. ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್, ಬೋಸ್ಟನ್ ಟೆರಿಯರ್ ತಳಿಗಳಲ್ಲಿ 80 ಶೇಕಡಕ್ಕೂ ಹೆಚ್ಚು ಸೂಲುಗಳು ಹೊಟ್ಟೆ ಕೊಯ್ದೇ ಆಗಿವೆಯೆಂದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. ಮನುಷ್ಯನ ಕತ್ತರಿ ಇಲ್ಲದೆ ಹೆರಲಾರದ ಪ್ರಾಣಿಯನ್ನು ಮನುಷ್ಯನೇ ಮಾಡಿಟ್ಟಿದ್ದಾನೆ.

ನಾಯಿಯ ಬಸಿರು ಹೆಚ್ಚು ಕಡಿಮೆ 63 ದಿನ. 55 ದಿನ ದಾಟಿದ ಮೇಲೆ ಎಕ್ಸ್-ರೇ ತೆಗೆಸಿದರೆ ಎಷ್ಟು ಮರಿ, ತಲೆ ಎಷ್ಟು ದೊಡ್ಡದು ಎಂದು ಡಾಕ್ಟರಿಗೆ ಕಾಣುತ್ತದೆ, ಆಪರೇಷನ್ ಬೇಕಾದೀತೇ ಎಂದು ಮೊದಲೇ ಹೇಳಬಲ್ಲರು. ಹೆರಿಗೆಗೆ ಸುಮಾರು ಒಂದು ದಿನ ಮುಂಚೆ ಅದರ ಮೈಯ ಬಿಸಿ 99 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಯುತ್ತದೆ. ಜೋರಾಗಿ ತಿಣುಕುತ್ತ ಅರ್ಧ ಗಂಟೆಯಾದರೂ ಮರಿ ಬರದಿದ್ದರೆ, ಒಂದು ಮರಿಯಾಗಿ ಇನ್ನೊಂದು ಒಳಗಿರುವಾಗಲೇ ಎರಡು ಗಂಟೆ ಕಳೆದರೆ, ಮೊದಲ ಮರಿಗೆ ಮುಂಚೆಯೇ ಹಸಿರುಗಪ್ಪು ನೀರು ಹೋದರೆ ಹಾಲು-ತುಪ್ಪ ಹುಡುಕುತ್ತ ಕೂರಬೇಡಿ, ಗಾಡಿ ಹುಡುಕಿ. ಆ ಹಸಿರು ಮಾಸು ಬಿಟ್ಟುಕೊಂಡಿದೆ ಎಂಬುದರ ಗುರುತು. ಆ ರಾತ್ರಿ ನನಗೆ ಇದೊಂದು ಗೊತ್ತಿದ್ದರೆ ಸಾಕಾಗಿತ್ತು.

ಹೆರಿಗೆ ಸುಸೂತ್ರವಾದರೆ ಮುಗಿಯಿತೇ? ಇಲ್ಲ ಸಹೋದರಿಯರೇ, ಬಾಣಂತನ ಇರುವುದೇ ಆಮೇಲೆ. ಎಮ್ಮೆ ಆಕಳು ಕಟ್ಟಿದ ಮನೆಯವರಿಗೆ ಹಾಲು ಜ್ವರ ಗೊತ್ತು. ಈದ ಆಕಳು ಸುಣ್ಣದ ಅಂಶವನ್ನೆಲ್ಲ ಹಾಲಿಗೆ ಕೊಟ್ಟು ತಾನು ಏಳಲಾರದೆ ಬೀಳುತ್ತದೆ. ಪುಟ್ಟ ನಾಯಿಗೂ ಇಂಥದೇ ಒಂದು ಬರುತ್ತದೆ, ಹೆಚ್ಚಾಗಿ ಮರಿ ಹಾಕಿದ ಎರಡರಿಂದ ನಾಲ್ಕು ವಾರದೊಳಗೆ, ಮರಿಗಳು ಜೋರಾಗಿ ಕುಡಿಯುವ ಹೊತ್ತಿಗೆ. ಆದರೆ ನಾಯಿ ಆಕಳಂತೆ ತಣ್ಣಗಾಗಿ ಮಲಗುವುದಿಲ್ಲ. ಚಡಪಡಿಸುತ್ತದೆ, ಏದುಸಿರು ಬಿಡುತ್ತದೆ, ಕಾಲು ಮರಗಟ್ಟಿದಂತೆ ನಡೆಯುತ್ತದೆ, ಮೈ ಬಿಸಿಯೇರಿ ನಡುಗುತ್ತದೆ, ಕೊನೆಗೆ ಸೆಟೆದುಕೊಳ್ಳುತ್ತದೆ. ಆಗ ಮರಿಗಳನ್ನು ಬೇರೆ ಮಾಡಿ ಕೂಡಲೇ ಡಾಕ್ಟರ ಬಳಿಗೆ ಒಯ್ಯಬೇಕು. ಕ್ಯಾಲ್ಸಿಯಂ ಅನ್ನು ನರಕ್ಕೆ ನಿಧಾನವಾಗಿ, ಎದೆಬಡಿತ ನೋಡುತ್ತ ಕೊಡುವ ಕೆಲಸ ಅವರದು. ಇಲ್ಲೊಂದು ಮಾತು: ಬಸುರಿಗೆ ಒಳ್ಳೆಯದೆಂದು ಮೊದಲೇ ಕ್ಯಾಲ್ಸಿಯಂ ಗುಳಿಗೆ ಅರೆದು ಹಾಕುವವರಿದ್ದಾರೆ. ಡಾಕ್ಟರು ಹೇಳದೆ ಹಾಗೆ ಮಾಡಬೇಡಿ. ಹೊರಗಿನಿಂದ ಸಿಗುತ್ತ ಹೋದರೆ ಎಲುಬಿನಿಂದ ತೆಗೆದುಕೊಳ್ಳುವ ಅಭ್ಯಾಸವನ್ನು ಮೈ ಮರೆಯುತ್ತದೆ, ಬೇಕಾದ ದಿನ ಕೈಕೊಡುತ್ತದೆ.

ಮರಿಗಳದ್ದೂ ಅಷ್ಟೇ ನಾಜೂಕು. ಹುಟ್ಟಿದಾಗ ನೂರು ಗ್ರಾಂ ಆಚೀಚೆ, ಅಂದರೆ ಎರಡು ಕೋಳಿಮೊಟ್ಟೆಯ ತೂಕ. ಮೊದಲೆರಡು ವಾರ ಅವಕ್ಕೆ ತಮ್ಮ ಮೈಯ ಬಿಸಿಯನ್ನು ತಾವೇ ಕಾಪಾಡಿಕೊಳ್ಳಲಾಗದು. ಡಿಸೆಂಬರಿನ ನಮ್ಮ ವಿಜಯಪುರದ ಚಳಿಯಲ್ಲಿ ಒಂದು ಹೊತ್ತು ತಾಯಿ ಮೊಲೆ ತಪ್ಪಿದರೆ ರಕ್ತದ ಸಕ್ಕರೆ ಇಳಿದು ಬಟ್ಟೆಯ ಚೂರಿನಂತೆ ಜೋತುಬೀಳುತ್ತವೆ. ತಾಯಿ ಸತ್ತರೆ ಎರಡು ಮೂರು ತಾಸಿಗೊಮ್ಮೆ, ಹಗಲು ರಾತ್ರಿ, ನೀವೇ ಕುಡಿಸಬೇಕು. ಆಕಳ ಹಾಲು ಅವಕ್ಕೆ ತೀರ ತೆಳುವು, ನಾಯಿಯ ಹಾಲಿನಲ್ಲಿ ಕೊಬ್ಬು, ಪ್ರೋಟೀನು ಹೆಚ್ಚು. ಬೇಸಿಗೆಯಲ್ಲಿ ಬೇರೆ ಕಷ್ಟ. ಏಪ್ರಿಲ್-ಮೇನಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ದಟ್ಟ ಕೂದಲಿನ ಆ ಜೀವ ಪತ್ರಾಸಿನ ಮನೆಯಲ್ಲಿ ಏನು ಮಾಡಬೇಕು?

ಬದುಕಿ ದೊಡ್ಡದಾದವೂ ತಂದೆತಾಯಿಯ ಕುಂದು ಹೊತ್ತು ಬರುತ್ತವೆ. ಮಂಡಿಚಿಪ್ಪು ಜಾರುವುದು, ಶ್ವಾಸನಾಳ ಕುಸಿದು ಕೆಮ್ಮುವುದು, ಹಾಲುಹಲ್ಲು ಉದುರದೆ ಎರಡು ಸಾಲಾಗುವುದು, ನೆತ್ತಿ ಕೂಡದೆ ತಲೆಯಲ್ಲಿ ನೀರು ತುಂಬುವುದು. ಮಂಚದಿಂದ ಹಾರಿದರೂ ಕಾಲು ಮುರಿಯುತ್ತದೆ. ಮಕ್ಕಳಿರುವ ಮನೆಯಲ್ಲಿ ಎಡವಿ ತುಳಿದರೂ ಸಾಕು.

ಇಷ್ಟೆಲ್ಲ ತಿಳಿದ ಮೇಲೆ ಆ ಹುಡುಗನ ಚೀಟಿ ಇನ್ನೊಮ್ಮೆ ನೋಡಿ. ವರ್ಷಕ್ಕೆ ಎರಡು ಸೂಲು ಎಂದರೆ ಆ ತಾಯಿಗೆ ಮೈ ತುಂಬಿಕೊಳ್ಳಲು ಒಂದು ಬೆದೆಯ ಬಿಡುವೂ ಇಲ್ಲ. ನಾಲ್ಕು ಮರಿ ಎಂದು ಬರೆದಲ್ಲಿ ಒಂದು ಎಂದು ಬರೆಯಿರಿ. ಎಕ್ಸ್-ರೇ, ರಾತ್ರಿಯ ಗಾಡಿ, ಆಪರೇಷನ್, ತಾಯಿಗೂ ಮರಿಗೂ ಲಸಿಕೆ, ಇವುಗಳಿಗೆ ಒಂದೊಂದು ಸಾಲು ಸೇರಿಸಿ. ನನ್ನ ತಂಗಿಯ ಮನೆಯಲ್ಲಿ ಸೇರಿಸಲು ಏನೂ ಉಳಿದಿರಲಿಲ್ಲ.

ಕಾನೂನೂ ಇದೆ, ಹುಡುಗರಿಗೆ ಅದು ಗೊತ್ತಿರುವುದಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಕೇಂದ್ರ ಸರಕಾರ 2017ರಲ್ಲಿ ನಾಯಿಗಳ ತಳಿವೃದ್ಧಿ ಮತ್ತು ಮಾರಾಟಕ್ಕೆ ನಿಯಮ ಮಾಡಿದೆ. ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಹೆಣ್ಣು ನಾಯಿಗೆ 18 ತಿಂಗಳಾಗದೆ ಗಂಡಿಗೆ ಬಿಡುವಂತಿಲ್ಲ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ.

ಈ ಎಂಟು ವಾರದ ಮಾತು ಓದಿದಾಗ ನನಗೆ ಮದ್ರಸಾದಲ್ಲಿ ಓದಿದ ಒಂದು ಹದೀಸ್ ನೆನಪಾಯಿತು. ಇಬ್ನು ಮಸ್‌ಊದ್(ರ) ವರದಿ ಮಾಡಿದ್ದು, ಅಬೂದಾವೂದ್‌ನಲ್ಲಿದೆ. ಪ್ರಯಾಣದಲ್ಲಿ ಸಹಾಬಿಗಳು ಒಂದು ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡರು, ತಾಯಿ ಹಕ್ಕಿ ರೆಕ್ಕೆ ಬಡಿಯುತ್ತ ಅಲ್ಲೇ ಸುತ್ತತೊಡಗಿತು. ಅಲ್ಲಿಗೆ ಬಂದ ಪ್ರವಾದಿವರ್ಯರು(ಸ) ಮರಿಗಳನ್ನು ಕಿತ್ತುಕೊಂಡು ಇದನ್ನು ಸಂಕಟಕ್ಕೀಡು ಮಾಡಿದವರಾರೆಂದು ವಿಚಾರಿಸಿ, ತಿರುಗಿ ಕೊಡಿಸಿದರು. ಬಾಯಾರಿದ ನಾಯಿಗೆ ಬಾವಿಯಿಂದ ನೀರು ಸೇದಿ ಕುಡಿಸಿದ ಪತಿತ ಹೆಣ್ಣಿಗೆ ಕ್ಷಮೆ ಸಿಕ್ಕ ಕಥೆಯನ್ನಂತೂ ನಾವು ಮೂರನೆಯ ತರಗತಿಯಿಂದ ಹೇಳಿಕೊಡುತ್ತೇವೆ. ನಾಯಿಯ ಜೊಲ್ಲು ತಾಗಿದ ಪಾತ್ರೆಯನ್ನು ಏಳು ಸಲ ತೊಳೆಯಬೇಕೆಂಬುದನ್ನು ನಮ್ಮ ಮಕ್ಕಳು ಅದಕ್ಕಿಂತ ಗಟ್ಟಿಯಾಗಿ ಹೇಳುತ್ತಾರೆ. ಎರಡೂ ಪಾಠ ಒಂದೇ ದೀನಿನವು. ಮುಟ್ಟದಿರುವುದು ಬೇರೆ, ನೋಯಿಸುವುದು ಬೇರೆ.

ಈಗಾಗಲೇ ಮನೆಗೆ ಪುಟ್ಟ ಹೆಣ್ಣು ನಾಯಿ ಬಂದುಬಿಟ್ಟಿದ್ದರೆ ಏನು ಮಾಡಬೇಕು ಎಂದು ಕೆಲವರು ಕೇಳಬಹುದು. ಯಾರೋ ಊರು ಬಿಡುವಾಗ ಕೊಟ್ಟು ಹೋಗಿರುತ್ತಾರೆ, ಬೀದಿಗೆ ಬಿಟ್ಟರೆ ಬೇರೆ ನಾಯಿಗಳ ಬಾಯಿಗೆ ತುತ್ತು. ಹಾಗಾದರೆ ಪಶು ಆಸ್ಪತ್ರೆಯಲ್ಲಿ ಕೇಳಿ ಮರಿಯಾಗದಂತೆ ಆಪರೇಷನ್ ಮಾಡಿಸಿ. ಹುಚ್ಚುನಾಯಿ ರೋಗದ ಲಸಿಕೆಯನ್ನು ತಪ್ಪಿಸಬೇಡಿ, ನಾಯಿ ಸಣ್ಣದೆಂದು ರೋಗ ಸಣ್ಣದಾಗುವುದಿಲ್ಲ. ಮಗುವಿಗೆ ಪರಚಿದರೂ ಕಚ್ಚಿದರೂ ಹದಿನೈದು ನಿಮಿಷ ಸೋಪು ನೀರಿನಿಂದ ತೊಳೆದು ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ಬೆದೆಗೆ ಬಂದಾಗ ಬಾಗಿಲು ಭದ್ರವಿರಲಿ. ದೊಡ್ಡ ಬೀದಿನಾಯಿಯಿಂದ ಬಸುರಾದರೆ ಆ ಪುಟ್ಟ ಸೊಂಟದ ಗತಿಯನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಆ ತಾಯಿಗೆ ನಾನು ಬೇಡವೆಂದೂ ಹೇಳಲಿಲ್ಲ, ಮಾಡಿರೆಂದೂ ಹೇಳಲಿಲ್ಲ. ಚೀಟಿಯ ಇನ್ನೊಂದು ಬದಿಯಲ್ಲಿ ನಾಲ್ಕು ಪ್ರಶ್ನೆ ಬರೆದುಕೊಟ್ಟೆ. ರಾತ್ರಿ ಹನ್ನೆರಡಕ್ಕೆ ನಾಯಿಗೆ ಆಪರೇಷನ್ ಮಾಡುವ ಡಾಕ್ಟರು ಯಾರು, ಎಷ್ಟು ದೂರ, ಎಷ್ಟು ಖರ್ಚು? ಮಾರುವವನು ಆ ಹೆಣ್ಣಿನ ತಾಯಿಯನ್ನು ತೋರಿಸುತ್ತಾನೆಯೇ? ಮಾರಾಟವಾಗದ ಮರಿಯನ್ನು, ಕುಂಟು ಮರಿಯನ್ನು ಸಾಯುವವರೆಗೆ ಯಾರು ಸಾಕುತ್ತಾರೆ? ಹೆರಿಗೆಯ ರಾತ್ರಿ ಎಚ್ಚರವಿರುವುದು ನೀನೋ, ನಿನ್ನ ಅಮ್ಮಿಯೋ?

ಹುಡುಗ ಮುಂದಿನ ಭಾನುವಾರ ತಾನೇ ಬಂದ. ಮೊದಲ ಎರಡು ಪ್ರಶ್ನೆಗೆ ಅವನಿಗೆ ಉತ್ತರ ಸಿಕ್ಕಿರಲಿಲ್ಲ. ಹೆಣ್ಣಿನ ತಾಯಿಯನ್ನು ತೋರಿಸೆಂದಾಗ ಮಾರುವವನು ಫೋನ್ ಇಟ್ಟುಬಿಟ್ಟನಂತೆ. ಆದರೂ ಹುಡುಗ ಸುಮ್ಮನಾಗಲಿಲ್ಲ. "ನಾ ತರಲಿಲ್ಲಂದ್ರ ಇನ್ನೊಬ್ಬಾಂವ ತರ್ತಾನ್ರಿ ಆಪಾ. ಆ ನಾಯಿಗೆ ಏನ್ ಬದಲಾಗ್ತದ?" ಎಂದ. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರ ಇರಲಿಲ್ಲ. ಖಾಲಾನ ಮಗಳ ಮನೆಯ ಆ ರಾತ್ರಿಯನ್ನು ಅವನಿಗೆ ಹೇಳಿದೆ, ನಾನು ಹಾಲಿಗೆ ತುಪ್ಪ ಹಾಕಿದ್ದನ್ನೂ ಸೇರಿಸಿ. ಕೇಳಿ ಸ್ವಲ್ಪ ಹೊತ್ತು ಕುಳಿತು, ಸಲಾಮ್ ಹೇಳಿ ಎದ್ದುಹೋದ.

ಸಂಘದ ರೊಕ್ಕ ಇನ್ನೂ ಸಂಘದಲ್ಲೇ ಇದೆ. ಬಕ್ರೀದಿಗೆ ಮಾರಲು ಎರಡು ಹೋತ ಕಟ್ಟಬೇಕೆಂದು ತಾಯಿ ಅನ್ನುತ್ತಿದ್ದಾರೆ, ಮೇವು ಯಾರು ತರುವುದೆಂದು ತಾಯಿ ಮಗನ ನಡುವೆ ಇನ್ನೂ ಇತ್ಯರ್ಥವಾಗಿಲ್ಲ.